ನಡತೆ ತೃಪ್ತಿಕರ, ಅನುಭವ ಪರಿಶೀಲನೆಯಲ್ಲಿದೆ

ಸರ್ಕಾರಿ ಕಚೇರಿಯಲ್ಲಿ ಅನುಭವ ತಾನಾಗಿಯೇ ಬರುತ್ತದೆ. ಅದಕ್ಕಾಗಿ ಯಾರೂ ಮೈಮುರಿಯಬೇಕಾಗಿಲ್ಲ. ದಿನಾ ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತಾ ಹೋದರೆ ವರ್ಷಕ್ಕೊಂದು ಇನ್‌ಕ್ರಿಮೆಂಟು, ಅದರ ಬೆನ್ನಿಗೇ ಒಂದು ವರ್ಷದ ಅನುಭವ, ಎರಡೂ ಬಂದು ಸರ್ವಿಸ್ ರಿಜಿಸ್ಟರಿನಲ್ಲಿ ಕೂತುಬಿಡುತ್ತವೆ. ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ, ಪ್ರಥಮ ದರ್ಜೆಗೆ ಏರಿ, ಅಧೀಕ್ಷಕನಾಗಿ ಹಾರ ಹಾಕಿಸಿಕೊಂಡು ಹೊರಬಂದ ನನ್ನ ಬಳಿ ಈ ಲೆಕ್ಕದಲ್ಲಿ ಅನುಭವ ಮೂಟೆಗಟ್ಟಲೆ ಬಿದ್ದಿದೆ. ಹಾಗಾಗಿ ಮಗಳು "ಅಪ್ಪಾ, ನಾನು ಎಂಬಿಎ ಮಾಡಬೇಕು, ಅದಕ್ಕೆ ಮುಂಚೆ ಎರಡು ಮೂರು ವರ್ಷ ಕೆಲಸದ ಅನುಭವ ಬೇಕು" ಎಂದಾಗ ನಾನು ಧೈರ್ಯವಾಗಿ "ಅದಕ್ಯಾಕೆ ಯೋಚನೆ, ನಾನಿಲ್ವಾ?" ಎಂದೆ.

ಅಡುಗೆಮನೆಯಿಂದ ಮನೆಯಾಕೆ ಕೆಮ್ಮಿದ್ದು ಕೇಳಿಸಿತು. ಒಲೆಯ ಮೇಲೆ ಒಗ್ಗರಣೆಯೇನೂ ಇರಲಿಲ್ಲ.

ನಮ್ಮ ಕಾಲದಲ್ಲಿ ಓದುವುದು ಕೆಲಸ ಸಿಗಲಿ ಎಂದು. ಕೆಲಸ ಸಿಕ್ಕಿದ ಮೇಲೂ ಓದುವವನನ್ನು ಕಂಡರೆ, ಪಾಪ, ಮನೆಯಲ್ಲಿ ಏನೋ ತೊಂದರೆ ಇರಬೇಕು ಎಂದುಕೊಳ್ಳುತ್ತಿದ್ದೆವು. ಈಗ ನೋಡಿದರೆ ಓದು, ಕೆಲಸ, ಮತ್ತೆ ಓದು, ಮತ್ತೆ ಕೆಲಸ. ಮಗಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ಐಐಎಂಗಳಿಗೆ ಸೇರಲು ಬರೆಯುವ ಕ್ಯಾಟ್ ಪರೀಕ್ಷೆಗೆ ಅನುಭವ ಕಡ್ಡಾಯವಲ್ಲ. ಪದವಿಯಲ್ಲಿ ಶೇ. 50 ಅಂಕ ಇದ್ದರೆ ಸಾಕು, ಪರಿಶಿಷ್ಟರಿಗೂ ಅಂಗವಿಕಲರಿಗೂ 45. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ಆದರೆ ಸೀಟು ಕೊಡುವಾಗ ಅನುಭವಕ್ಕೂ ಒಂದಿಷ್ಟು ತೂಕ ಇಟ್ಟಿರುತ್ತಾರೆ. ಬನ್ನೇರುಘಟ್ಟ ರಸ್ತೆಯ ನಮ್ಮ ಐಐಎಂ ಇದೆಯಲ್ಲ, 1973ರಲ್ಲಿ ಶುರುವಾದದ್ದು, ಬಿ.ವಿ. ದೋಶಿ ರೂಪಿಸಿದ ಕಲ್ಲುಗೋಡೆಗಳ ಕ್ಯಾಂಪಸ್ಸು, ಅಲ್ಲೂ ಹಾಗೆಯೇ. ಹೈದರಾಬಾದಿನ ಐಎಸ್‌ಬಿ 2001ರಲ್ಲಿ ಶುರುಮಾಡಿದ ಒಂದು ವರ್ಷದ ಕೋರ್ಸಿಗಂತೂ ಕನಿಷ್ಠ 24 ತಿಂಗಳು ದುಡಿದಿರಲೇಬೇಕು. ಅಹಮದಾಬಾದ್ ಐಐಎಂನ ಒಂದು ವರ್ಷದ ಕೋರ್ಸಿಗೆ 4 ವರ್ಷ, ಬೆಂಗಳೂರಿನದಕ್ಕೆ 5. ಹಾರ್ವರ್ಡಿನವರದು ಇನ್ನೂ ವಿಚಿತ್ರ. ಕಾಲೇಜಿನ ಕೊನೆಯ ವರ್ಷದಲ್ಲೇ ಸೀಟು ಕೊಟ್ಟು, "ಹೋಗಿ, ಎರಡು ವರ್ಷವಾದರೂ ಕೆಲಸ ಮಾಡಿ ಆಮೇಲೆ ಬನ್ನಿ" ಎಂದು ಕಳಿಸುವ ಪದ್ಧತಿಯೊಂದನ್ನು 2007ರಲ್ಲಿ ಪ್ರಕಟಿಸಿದರಂತೆ.

"ಅನುಭವಾನ ತಿಂಗಳ ಲೆಕ್ಕದಲ್ಲಿ ನೋಡ್ತಾರೆ ಅಪ್ಪಾ" ಎಂದಳು. ನಾನು ನನ್ನ ಸರ್ವಿಸ್ಸನ್ನು ಕೂಡಲೇ ಹನ್ನೆರಡರಿಂದ ಗುಣಿಸಿದೆ. ಬಂದ ಸಂಖ್ಯೆ ನೋಡಿದರೆ ಹಾರ್ವರ್ಡಿನವರೇ ಹಣ್ಣು ಹಂಪಲು ಹಿಡಿದುಕೊಂಡು ಮೈಸೂರಿನ ನಮ್ಮ ಬೀದಿಗೆ ಬರಬೇಕಿತ್ತು.

"ಪದವಿ ಮುಗಿದ ಮೇಲೆ ಮಾಡಿದ ಪೂರ್ಣಾವಧಿ ಕೆಲಸ ಮಾತ್ರ ಲೆಕ್ಕಕ್ಕೆ. ಓದ್ತಾ ಇರುವಾಗ ಮಾಡಿದ ಇಂಟರ್ನ್‌ಶಿಪ್ಪು ಸೇರಲ್ಲ. ಪುರಾವೆ ಕೇಳ್ತಾರೆ. ನೇಮಕಾತಿ ಪತ್ರ, ಸಂಬಳದ ಚೀಟಿ, ಫಾರಂ 16, ಎಲ್ಲಾ ಎತ್ತಿಟ್ಟಿರಬೇಕು."

ಪುರಾವೆ ಎಂದರೆ ನನ್ನ ಕ್ಷೇತ್ರ. ಮೂರು ಪ್ರತಿ ತೆಗೆಸಿ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಮಾಡಿಸಿಡುತ್ತೇನೆ ಎಂದೆ. ಎಲ್ಲವನ್ನೂ ಅಪ್‌ಲೋಡ್ ಮಾಡುವುದು ಎಂದಳು. ಅಪ್‌ಲೋಡಿಗೂ ದೃಢೀಕರಣ ಇದ್ದರೆ ಒಳ್ಳೆಯದು ಎಂದೆ. ಆಕೆ ಲ್ಯಾಪ್‌ಟಾಪ್ ಮುಚ್ಚಿ ಮಲಗಲು ಹೋದಳು.

ಅವಳಿಗೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೊದಲ ಕೆಲವು ತಿಂಗಳು ಬೆಂಚು. ಪ್ರಾಜೆಕ್ಟ್ ಸಿಗುವವರೆಗೆ ಸಂಬಳ ಕೊಟ್ಟು ಸುಮ್ಮನೆ ಕೂರಿಸುವುದಕ್ಕೆ ಐಟಿಯವರು ಹಾಗೆನ್ನುತ್ತಾರೆ. ನನ್ನನ್ನು ಲೆಕ್ಕ ತಪ್ಪಿದಾಗಲೆಲ್ಲ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದವಳನ್ನು ಇವರು ಬೆಂಚಿನ ಮೇಲೆ ಕೂರಿಸಿ ಸಂಬಳ ಕೊಡುತ್ತಿದ್ದರು. "ಬೆಂಚಿನ ತಿಂಗಳೂ ಅನುಭವಕ್ಕೆ ಸೇರುತ್ತೇನೇ?" ಎಂದು ಕೇಳಿದೆ. "ಲೆಕ್ಕಕ್ಕೇನೋ ಸೇರುತ್ತೆ. ಇಂಟರ್‌ವ್ಯೂನಲ್ಲಿ ಏನು ಮಾಡಿದೆ ಅಂತ ಕೇಳಿದ್ರೆ ಹೇಳೋಕೆ ಏನೂ ಇರಲ್ಲ" ಎಂದಳು. ಹೇಳೋಕೆ ಏನೂ ಇಲ್ಲದ ತಿಂಗಳುಗಳನ್ನೂ ಸೇರಿಸಿಯೇ ಪಿಂಚಣಿ ಪಡೆಯುತ್ತಿರುವ ನನಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ.

ಈ ಹೊತ್ತಿಗೆ ನನ್ನ ಭಾವಮೈದ ಪ್ರವೇಶಿಸಿದ. ಅವನಿಗೆ ಬೆಂಗಳೂರಿನಲ್ಲಿ ಏನೋ ಕನ್ಸಲ್ಟಿಂಗು. ಏನು ಅಂತ ನನ್ನ ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದೇನೆ.

"ಭಾವ, ಈಗ ಬರೀ ಕೆಲಸ ಸಾಲದು. ಪ್ರೊಫೈಲ್ ಬೇಕು. ಲೀಡರ್‌ಶಿಪ್ ಬೇಕು, ಸಮಾಜಸೇವೆ ಬೇಕು. ಸರ್ಕಾರಿ ಶಾಲೇಲಿ ಮಕ್ಕಳಿಗೆ ಪಾಠ ಹೇಳ್ತಾ ಇರೋ ಹಾಗೆ ಒಂದು ಫೋಟೊ, ಗಿಡ ನೆಡ್ತಾ ಇರೋ ಹಾಗೆ ಒಂದು ಫೋಟೊ. ಯಾವುದಕ್ಕಾದ್ರೂ ಅಧ್ಯಕ್ಷೆ, ಇಲ್ಲಾ ಕಾರ್ಯದರ್ಶಿ ಆಗಿದ್ರೆ ಇನ್ನೂ ಒಳ್ಳೇದು."

ಕಾರ್ಯದರ್ಶಿ ಎಂದಕೂಡಲೇ ನನಗೆ ನಮ್ಮ ಬೀದಿಯ ಗಣೇಶೋತ್ಸವ ಸಮಿತಿ ನೆನಪಾಯಿತು. ಚಪ್ಪಲಿ ಮೆಟ್ಟಿಕೊಂಡು ಹೋಗಿ ವಿಚಾರಿಸಿದೆ. ಕಾರ್ಯದರ್ಶಿ ಸ್ಥಾನ ಒಬ್ಬರ ಕೈಯಲ್ಲೇ ಎಷ್ಟೋ ವರ್ಷಗಳಿಂದ ಇದ್ದು, ಅವರ ಮಗ ಸಹಕಾರ್ಯದರ್ಶಿಯಾಗಿ ಸಿದ್ಧನಾಗುತ್ತಿದ್ದ. ಖಾಲಿ ಇದ್ದದ್ದು ಪ್ರಸಾದ ವಿತರಣಾ ಉಪಸಮಿತಿ ಒಂದೇ. ಮಗಳು "ನನಗೆ ರಜಾ ಇಲ್ಲ, ಫೋಟೊಗೋಸ್ಕರ ಸೇವೆ ಮಾಡೋಕೆ ಮನಸ್ಸೂ ಇಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಮಾತು ಕೊಟ್ಟಾಗಿತ್ತು. ಆ ವರ್ಷ ಐದೂ ದಿನ ದೊನ್ನೆಗೆ ಕೋಸಂಬರಿ ಹಾಕಿದವನು ನಾನು. ಫೋಟೊ ಕೂಡ ಇದೆ. ಅದರಲ್ಲಿ ಸೌಟು ಮಾತ್ರ ಸ್ಪಷ್ಟವಾಗಿ ಬಂದಿದೆ.

ಕ್ಯಾಟ್ ಸಾಮಾನ್ಯವಾಗಿ ನವೆಂಬರಿನ ಕೊನೆಯ ಭಾನುವಾರ. ಮೂರು ವಿಭಾಗ, ಒಂದೊಂದಕ್ಕೆ 40 ನಿಮಿಷ, ಒಂದರ ಸಮಯವನ್ನು ಇನ್ನೊಂದಕ್ಕೆ ಎಳೆಯುವ ಹಾಗಿಲ್ಲ. ಸರಿಯುತ್ತರಕ್ಕೆ 3 ಅಂಕ; ಆಯ್ಕೆಯ ಪ್ರಶ್ನೆಯಲ್ಲಿ ತಪ್ಪು ಗುರುತು ಹಾಕಿದರೆ ಒಂದು ಅಂಕ ಕಳೆಯುತ್ತಾರೆ, ಉತ್ತರಿಸದೆ ಬಿಟ್ಟರೆ ಕಳೆಯುವುದಿಲ್ಲ. ಈ ಕೊನೆಯ ನಿಯಮ ಕೇಳಿದಾಗ ಪರೀಕ್ಷೆಯನ್ನು ನಮ್ಮ ಇಲಾಖೆಯವರೇ ರೂಪಿಸಿರಬೇಕು ಅನ್ನಿಸಿತು. ಬಿಟ್ಟರೆ ಕಳೆಯುವುದಿಲ್ಲ ಎಂಬ ಒಂದೇ ಸೂತ್ರ ಹಿಡಿದು ನಾನು ಎಸ್‌ಡಿಎಯಿಂದ ಅಧೀಕ್ಷಕನ ಕುರ್ಚಿಯವರೆಗೆ ನಡೆದುಬಂದಿದ್ದೇನೆ. ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಮಗಳಿಗೆ ಇದನ್ನೇ ಉಪದೇಶ ಮಾಡಿದೆ. "ಎಲ್ಲಾನೂ ಬಿಟ್ರೆ ಸೊನ್ನೆ ಬರುತ್ತೆ ಅಪ್ಪಾ" ಎಂದು ಹೇಳಿ ಒಳಗೆ ಹೋದಳು.

ಅಂಕ ಚೆನ್ನಾಗಿಯೇ ಬಂತು. ಸಂದರ್ಶನಕ್ಕೆ ಸಿದ್ಧತೆ ಶುರುವಾಯಿತು. ಮೊದಲನೆಯದು ರೆಸ್ಯೂಮೆ. ಒಂದೇ ಪುಟದಲ್ಲಿ ಮುಗಿಯಬೇಕು ಎಂದಳು. ಕರಡು ತಯಾರಿಸುವುದರಲ್ಲಿ ನನ್ನ ಕೈ ಪಳಗಿದ್ದರಿಂದ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬರೆದಿಟ್ಟೆ:

"ಸದರಿ ಅಭ್ಯರ್ಥಿಯು ಮೇಲೆ ಉಲ್ಲೇಖಿಸಿದ ಸಂಸ್ಥೆಯಲ್ಲಿ ತಮಗೆ ವಹಿಸಲಾದ ಕೆಲಸಕಾರ್ಯಗಳನ್ನು ಕಾಲಕಾಲಕ್ಕೆ ನಿಯಮಾನುಸಾರ ನಿರ್ವಹಿಸಿದ್ದು, ಈ ಸಂಬಂಧ ಯಾವುದೇ ಆಕ್ಷೇಪಣೆಗಳು ಬಾಕಿ ಇರುವುದಿಲ್ಲ."

ಅವಳು ಓದಿ, "ಇದರಲ್ಲಿ ನಾನು ಎಲ್ಲಿದೀನಿ?" ಎಂದಳು.

"ಇಲ್ಲೇ ಇದೀಯಲ್ಲಮ್ಮ. ಸದರಿ."

ಹೀಗಾದರೆ ಕೆಲಸ ಕೆಟ್ಟಿತು ಎಂದು ಅವಳು ನನಗೇ ಪಾಠ ಹೇಳಲು ಕೂತಳು. ಸಾಲಿನ ಮೊದಲಿಗೆ ತಾನು ಏನು ಮಾಡಿದೆ ಎಂಬುದು, ಆಮೇಲೆ ಅದರಿಂದ ಏನಾಯಿತು ಎಂಬುದು, ಸಾಧ್ಯವಾದರೆ ಒಂದು ಅಂಕಿ. "ನಿನ್ನ ಕೆಲಸಾನೇ ತಗೊಂಡು ಅಭ್ಯಾಸ ಮಾಡೋಣ. ಹೇಳು, ಆಫೀಸಲ್ಲಿ ಏನು ಮಾಡ್ತಿದ್ದೆ?"

"ಕಡತ ಸ್ವೀಕರಿಸ್ತಿದ್ದೆ."

"ಆಮೇಲೆ?"

"ಪರಿಶೀಲಿಸ್ತಿದ್ದೆ."

"ಆಮೇಲೆ?"

"ಮಂಡಿಸ್ತಿದ್ದೆ."

"ಅದರಿಂದ ಏನಾಗ್ತಿತ್ತು?"

"ವಾಪಸು ಬರ್ತಿತ್ತು."

"ಯಾಕೆ?"

"ಮತ್ತೊಮ್ಮೆ ಪರಿಶೀಲಿಸಿ ಮಂಡಿಸೋಕೆ."

ಮಗಳು ಸ್ವಲ್ಪ ಹೊತ್ತು ಸೀಲಿಂಗ್ ಫ್ಯಾನ್ ನೋಡಿದಳು. ಆಮೇಲೆ ಟೈಪ್ ಮಾಡಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಬಹುಹಂತದ ಗುಣಮಟ್ಟ ಪರಿಶೀಲನಾ ವ್ಯವಸ್ಥೆಯೊಂದನ್ನು ದಶಕಗಳ ಕಾಲ ಅಡೆತಡೆಯಿಲ್ಲದೆ ಮುನ್ನಡೆಸಿದರು." ಓದುತ್ತಾ ಓದುತ್ತಾ ನನ್ನ ಎದೆ ಉಬ್ಬಿತು. ನಾನು ಇಷ್ಟು ದೊಡ್ಡ ಮನುಷ್ಯ ಅಂತ ನನ್ನ ಮೇಲಧಿಕಾರಿಗಳು ಒಬ್ಬರಾದರೂ ಒಂದು ಮಾತು ಹೇಳಬಾರದಿತ್ತೇ! "ಇದು ತಮಾಷೆಗೆ ಅಪ್ಪಾ. ಹೀಗೆ ಬರೆದವರನ್ನೇ ಅವರು ಮೊದಲು ಹಿಡಿಯೋದು" ಎಂದು ಅವಳು ಅಳಿಸಲು ಹೊರಟಾಗ ತಡೆದೆ. ಅದರ ಪ್ರಿಂಟು ಬೀರುವಿನಲ್ಲಿ ಎಲ್‌ಐಸಿ ಬಾಂಡುಗಳ ಜೊತೆ ಭದ್ರವಾಗಿದೆ.

ಸಂದರ್ಶನದ ತಾಲೀಮು ನಡೆದದ್ದು ಜನವರಿಯ ಒಂದು ಶನಿವಾರ ರಾತ್ರಿ. ಅವರೆಕಾಯಿ ಕಾಲ. ಹಿಂದಿನ ದಿನ ನೆನೆಸಿಟ್ಟ ಅವರೆಕಾಳಿನ ಬೇಸಿನ್ನನ್ನು ಮುಂದಿಟ್ಟುಕೊಂಡು ಮನೆಯಾಕೆ ಹಾಲಿನ ನಡುವೆ ಕೂತಿದ್ದಳು. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನಿಟ್ಟು ಒತ್ತಿದರೆ ಬೇಳೆ ಪುಳಕ್ಕೆಂದು ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಅವಳು ಕಾಳನ್ನು ನೋಡುವುದೂ ಇಲ್ಲ, ಲೆಕ್ಕ ಇಟ್ಟವಳ ಹಾಗೆ ಒಂದೇ ಸಮ ಹಿದುಕುತ್ತಾಳೆ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ನಾನು ಆಯ್ಕೆ ಸಮಿತಿಯ ಅಧ್ಯಕ್ಷ. ಗಾಂಭೀರ್ಯಕ್ಕೆ ಇರಲಿ ಎಂದು ಬೀಳ್ಕೊಡುಗೆಯ ದಿನ ಹಾಕಿದ್ದ ಕೋಟು ತೊಟ್ಟಿದ್ದೆ. ಕೆಳಗೆ ಪಂಚೆಯೇ ಇತ್ತು. ಮೇಜಿನ ಹಿಂದೆ ಕೂತ ಅಧ್ಯಕ್ಷರು ಕೆಳಗೆ ಏನು ಉಟ್ಟಿರುತ್ತಾರೆ ಅಂತ ಯಾರಿಗೆ ಗೊತ್ತು.

"ನಿಮ್ಮ ಪರಿಚಯ ಮಾಡಿಕೊಳ್ಳಿ" ಎಂದೆ.

ಮಗಳು ಎರಡು ನಿಮಿಷ ನಿರರ್ಗಳವಾಗಿ ಮಾತಾಡಿದಳು. ಟೀಮು, ಡೆಲಿವರಿ, ಸ್ಟೇಕ್‌ಹೋಲ್ಡರ್, ಇಂಪ್ಯಾಕ್ಟು. ಒಂದೂ ಅರ್ಥವಾಗಲಿಲ್ಲವಾದ್ದರಿಂದ ಬಹಳ ಚೆನ್ನಾಗಿದೆ ಎಂದು ತೀರ್ಮಾನಿಸಿ ಚಪ್ಪಾಳೆ ತಟ್ಟಿದೆ.

ಮನೆಯಾಕೆ ತಲೆ ಎತ್ತದೆ ಕೇಳಿದಳು: "ಅದೆಲ್ಲಾ ಸರಿ ಕಣೇ. ನೀನು ಆ ಕಂಪನೀಲಿ ಇಲ್ದೇ ಹೋಗಿದ್ರೆ ಏನು ನಡೀತಿರಲಿಲ್ಲ?"

ಮಗಳು ಬಾಯಿ ತೆರೆದವಳು ಮುಚ್ಚಿದಳು. ನಲ್ಲಿ ಟಪ್ ಟಪ್ ಎಂದಿತು. ಆಮೇಲೆ, "ಒಂದಿದೆ ಅಮ್ಮ. ಆದ್ರೆ ಅದನ್ನ ಅಲ್ಲಿ ಹೇಳೋ ಹಾಗಿಲ್ಲ" ಎಂದಳು.

"ಯಾಕೆ?"

"ಅದಕ್ಕೇ ನನಗೆ ಬೈಗುಳ ಬಿದ್ದಿದ್ದು."

ವಿಷಯ ಏನೆಂದರೆ, ಅವಳ ತಂಡ ಯಾವುದೋ ಹೊರದೇಶದ ಗ್ರಾಹಕರಿಗೆ ಬಿಲ್ ಹಾಕುವ ಸಾಫ್ಟ್‌ವೇರ್ ಮಾಡುತ್ತಿತ್ತು. ಇವಳದ್ದು ಟೆಸ್ಟಿಂಗ್. ಬಿಡುಗಡೆಯ ರಾತ್ರಿ ಒಂದು ತಪ್ಪು ಕಣ್ಣಿಗೆ ಬಿತ್ತು. ಒಂದೇ ಬಿಲ್ಲನ್ನು ಎರಡು ಕಂತಿನಲ್ಲಿ ಕಟ್ಟಿದರೆ ತೆರಿಗೆ ಎರಡು ಸಲ ಸೇರುತ್ತಿತ್ತು. ಅಪರೂಪಕ್ಕೆ ಯಾರಿಗೋ ಆಗುವಂಥದ್ದು, ಮುಂದಿನ ಬಿಡುಗಡೆಯಲ್ಲಿ ನೋಡಿಕೊಳ್ಳೋಣ, ನೀನು ಓಕೆ ಅಂತ ಒತ್ತು ಎಂದು ಎಲ್ಲರೂ ಹೇಳಿದರು. ಇವಳು ಒತ್ತಲಿಲ್ಲ. ನಡುರಾತ್ರಿಯವರೆಗೆ ಫೋನಿನಲ್ಲಿ ಒಬ್ಬೊಬ್ಬರಿಗೂ ವಿವರಿಸಿದಳು. ಬಿಡುಗಡೆ ನಿಂತಿತು, ಮ್ಯಾನೇಜರ್ ಸಿಡಿಮಿಡಿಗೊಂಡರು, ಆ ವರ್ಷ ಇವಳ ರೇಟಿಂಗ್ ಒಂದು ಮೆಟ್ಟಿಲು ಕೆಳಗಿಳಿಯಿತು. ತಪ್ಪು ಸರಿಹೋಯಿತು. ಶಹಬ್ಬಾಸ್ ಎಂದವರು ಯಾರೂ ಇಲ್ಲ.

ನಾನಾಗಿದ್ದರೆ "ಮೇಲಧಿಕಾರಿಗಳ ಅವಗಾಹನೆಗೆ ಹಾಗೂ ಸೂಕ್ತ ಕ್ರಮಕ್ಕಾಗಿ" ಎಂದು ಒಂದು ಸಾಲು ಗೀಚಿ, ಊಟದ ಕ್ಯಾರಿಯರ್ ಎತ್ತಿಕೊಂಡು ಆರು ಗಂಟೆಯ ಬಸ್ಸು ಹಿಡಿಯುತ್ತಿದ್ದೆ.

"ಇದನ್ನ ಹೇಳು ಅಲ್ಲಿ. ಮಿಕ್ಕಿದ್ದೆಲ್ಲಾ ಇದು" ಎಂದು ಮನೆಯಾಕೆ ಕೈಯಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಹಾಕಿದಳು.

ಅಪ್ಪನಾಗಿ ಒಂದು ಆಕ್ಷೇಪಣೆ ಎತ್ತಲೇಬೇಕಾಯಿತು. ಬೈಸಿಕೊಂಡದ್ದನ್ನು ಯಾರಾದರೂ ಅನುಭವ ಎಂದು ತೋರಿಸುತ್ತಾರೆಯೇ? ಆಗ ಮಗಳು ಹೇಳಿದ ಮೇಲೆಯೇ ನನಗೆ ಈ ಶಾಲೆಗಳ ಒಳಗುಟ್ಟು ಗೊತ್ತಾದದ್ದು. 1908ರಲ್ಲಿ ಶುರುವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಬೆಳೆದು ಬೇರೆ ಕಡೆಗೂ ಹರಡಿದ ಪಾಠಕ್ರಮದ ಹೆಸರು ಕೇಸ್ ಪದ್ಧತಿ. ಒಂದು ಕಂಪನಿ, ಒಂದು ಇಕ್ಕಟ್ಟು, ತೀರ್ಮಾನ ತೆಗೆದುಕೊಳ್ಳಬೇಕಾದ ಒಬ್ಬ ವ್ಯಕ್ತಿ, ಇಷ್ಟನ್ನು ಬರೆದು ಕೈಗೆ ಕೊಟ್ಟಿರುತ್ತಾರೆ. ಪುಸ್ತಕದ ಕೊನೆಯಲ್ಲಿ ಉತ್ತರ ಇರುವುದಿಲ್ಲ. ಅಲ್ಲಿ ತರಗತಿಗೆ ಸುಮಾರು 90 ಜನ. ಮೇಷ್ಟ್ರು ಪಾಠ ಮಾಡುವುದಕ್ಕಿಂತ ಇವರು ತಮ್ಮತಮ್ಮಲ್ಲಿ ವಾದ ಮಾಡುವುದೇ ಹೆಚ್ಚು, ಆ ಮಾತಿಗೆ ಅಂಕದಲ್ಲೂ ದೊಡ್ಡ ಪಾಲು. ಹಾಗಿರುವಾಗ ಒಮ್ಮೆಯೂ ಇಕ್ಕಟ್ಟಿನಲ್ಲಿ ನಿಂತು ತೀರ್ಮಾನ ಮಾಡದವನು, ಮಾಡಿ ಅದರ ಬೆಲೆ ತೆರದವನು ಅಲ್ಲಿ ಏನು ತಾನೇ ಮಾತಾಡಿಯಾನು? ಪಕ್ಕದವನು ಇವನಿಂದ ಏನು ಕಲಿತಾನು? ಅವರು ತಿಂಗಳು ಎಣಿಸುವುದು ಬರೀ ಬಾಗಿಲಲ್ಲಿ. ಒಳಗೆ ಕೂರಿಸಿಕೊಂಡು ಕೇಳುವುದು ಅಮ್ಮ ಕೇಳಿದ ಪ್ರಶ್ನೆಯನ್ನೇ.

"ಈಗ ಅಧ್ಯಕ್ಷರಿಗೂ ಅದೇ ಪ್ರಶ್ನೆ" ಎಂದಳು ಮಗಳು. "ಅಪ್ಪಾ, ನೀನು ಆಫೀಸಲ್ಲಿ ಇಲ್ದೇ ಹೋಗಿದ್ರೆ?"

ನಾನು ಕೋಟಿನ ಗುಂಡಿ ಸರಿಮಾಡಿಕೊಂಡೆ. ಮನೆಯಾಕೆ ನನ್ನ ಪರವಾಗಿ ಉತ್ತರಿಸಿದಳು: "ನಿಮ್ಮಪ್ಪ ರಜಾ ಹಾಕಿದ ವಾರ ಕಡತಗಳು ಬೇಗ ಬೇಗ ಹೋಗ್ತಿದ್ವಂತೆ. ಬೀಳ್ಕೊಡುಗೆ ದಿನ ಅವರ ಆಫೀಸಿನವರೇ ಹೇಳಿದ್ರು, ಪ್ರೀತಿಯಿಂದ."

ಇಂಥ ಸಮಯದಲ್ಲಿ ಗಂಡಸಿಗೆ ಇರುವುದು ಒಂದೇ ದಾರಿ. ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ ಕೇಳಿದ್ದನ್ನೆಲ್ಲ ನೆನಪಿಸಿಕೊಂಡು, "ನೋಡಮ್ಮ, ನಿಜವಾದ ಮ್ಯಾನೇಜ್‌ಮೆಂಟ್ ಗುರು ಅಂದ್ರೆ ಗೃಹಿಣಿ. ಸಂಪನ್ಮೂಲದ ಮಿತಬಳಕೆ, ಸಮಯಪಾಲನೆ, ಸಿಬ್ಬಂದಿ ನಿರ್ವಹಣೆ..." ಎಂದು ಶುರುಮಾಡಿದೆ.

"ಹೊಗಳಿದ್ದು ಸಾಕು, ಈ ಕಡೆ ಬಂದು ಕಾಳು ಹಿದುಕಿ" ಎಂದು ಬೇಸಿನ್ನನ್ನು ತಳ್ಳಿದಳು. ನಾನು ಒತ್ತಿದ ಮೊದಲ ಬೇಳೆ ಹಾರಿ ಟಿವಿಯ ಹಿಂದೆ ಬಿತ್ತು. ಅಲ್ಲೇ ಇರಬಹುದು.

ಐಎಸ್‌ಬಿಗೂ ಹೊರದೇಶದ ಒಂದೆರಡು ಶಾಲೆಗಳಿಗೂ ಅರ್ಜಿ ಹಾಕುವ ಆಸೆಯೂ ಅವಳಿಗಿತ್ತು. ಅವಕ್ಕೆ ಮೇಲಧಿಕಾರಿಯ ಶಿಫಾರಸು ಬೇಕು. ಮೇಲಧಿಕಾರಿ ಎಂದರೆ ಸಿಡಿಮಿಡಿಗೊಂಡ ಅದೇ ಮ್ಯಾನೇಜರ್. ಅಂಥವರನ್ನು ಒಲಿಸುವುದು ನನಗೆ ಗೊತ್ತಿದ್ದ ವಿದ್ಯೆ. ಸೋಮವಾರ ಹೋಗುವಾಗ ಒಂದು ಕೆಜಿ ಮೈಸೂರು ಪಾಕ್ ತೆಗೆದುಕೊಂಡು ಹೋಗು, ತುಪ್ಪದ್ದು, ಮೆತ್ತಗಿರಲಿ ಎಂದೆ. "ಅಪ್ಪಾ, ಅದು ಲಂಚ" ಎಂದಳು. "ಸಿಹಿ ಲಂಚವಾಗಲ್ಲಮ್ಮ, ಅದಕ್ಕೆ ರಸೀದಿ ಇರುತ್ತೆ" ಎಂದೆ. ಅವಳು ಬರಿಗೈಯಲ್ಲೇ ಹೋದಳು. ಮ್ಯಾನೇಜರ್ ನಕ್ಕು, ಬರೆದುಕೊಡುತ್ತೇನೆ ಎಂದರಂತೆ. ಆ ನಮೂನೆಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಈ ಅಭ್ಯರ್ಥಿಗೆ ನೀವು ಹೇಳಿದ ಅತಿ ಮುಖ್ಯವಾದ ತಿದ್ದುಪಡಿಯ ಮಾತು ಯಾವುದು, ಸಂದರ್ಭ ಏನು, ಅದನ್ನು ಅವರು ಹೇಗೆ ತೆಗೆದುಕೊಂಡರು? ಆ ರಾತ್ರಿಯ ವಿಷಯವನ್ನೇ ಬರೆಯುತ್ತೇನೆ ಎಂದೂ ಹೇಳಿದರಂತೆ. ಏನು ಬರೆದರೋ, ಅರ್ಜಿದಾರರಿಗೆ ತೋರಿಸುವುದಿಲ್ಲ. ನಮ್ಮಲ್ಲೂ ಗೌಪ್ಯ ವರದಿ ಇತ್ತು. ಅದರ ಗೌಪ್ಯ ಕ್ಯಾಂಟೀನಿನವರೆಗೆ ಮಾತ್ರ.

ಇಷ್ಟೆಲ್ಲಾ ಆದ ಮೇಲೆ ಮಗಳು ಒಂದು ಭಾನುವಾರ ತಿಂಡಿ ತಿನ್ನುತ್ತಾ, "ಇನ್ನೊಂದು ವರ್ಷ ಕೆಲಸ ಮಾಡಿ ಹೋಗ್ತೀನಿ" ಎಂದಳು. ನನ್ನ ಕೈಯಲ್ಲಿದ್ದ ದೋಸೆ ಅಲ್ಲೇ ನಿಂತಿತು. ಕ್ಯಾಟ್ ಅಂಕ ಒಂದೇ ವರ್ಷಕ್ಕೆ ಸಲ್ಲುವುದು, ಅದರ ಗತಿ? ಬೇಕಾದರೆ ಮತ್ತೆ ಬರೆಯುತ್ತಾಳಂತೆ, ಇಲ್ಲವಾದರೆ ಜಿಮ್ಯಾಟ್, ಅದರ ಅಂಕ 5 ವರ್ಷ ನಿಲ್ಲುತ್ತದಂತೆ. ಬೀದಿಯವರಿಗೆ ನಾನು ಏನು ಹೇಳಲಿ? "ಹೇಳೋ ಅಂಥದ್ದು ನನ್ನ ಹತ್ರ ಈಗ ಒಂದೇ ಇದೆ ಅಪ್ಪಾ. ಅದು ಐದು ನಿಮಿಷಕ್ಕೆ ಮುಗಿದುಹೋಗುತ್ತೆ. ಈಗ ಹೊಸ ಟೀಮಲ್ಲಿ ಹಾಕಿದಾರೆ, ಅಲ್ಲಿ ತೀರ್ಮಾನ ಮಾಡೋದು ಜಾಸ್ತಿ ಇದೆ" ಎಂದಳು. ಭಾವಮೈದನಿಗೆ ಫೋನ್ ಮಾಡಿದೆ. ಒಳ್ಳೆ ಸ್ಟ್ರಾಟಜಿ ಭಾವ ಎಂದ. ಅವನು ನಾನು ಹೇಳಿದ್ದಕ್ಕೆಲ್ಲ ಹಾಗೇ ಅನ್ನುತ್ತಾನೆ.

ಶಿಫಾರಸಿನ ನಮೂನೆ ಹೇಗಿರುತ್ತದೆ ಎಂದು ನೋಡಲು ನಾನೇ ಒಂದು ಪ್ರತಿ ಪ್ರಿಂಟ್ ಹಾಕಿಸಿಟ್ಟಿದ್ದೆ. ಅದು ಹಾಗೇ ವ್ಯರ್ಥವಾಗುವುದು ಬೇಡ ಎಂದು ಮನೆಯಾಕೆ ಕನ್ನಡಕ ಹಾಕಿಕೊಂಡು ಊಟದ ಮೇಜಿನ ಮೇಲೆ ಅದನ್ನು ತುಂಬಿದಳು. ಅಭ್ಯರ್ಥಿ ನಾನು.

ಅಭ್ಯರ್ಥಿಯನ್ನು ಎಷ್ಟು ಕಾಲದಿಂದ ಬಲ್ಲಿರಿ? "ಬೇಕಾದಷ್ಟು." ನಿಮ್ಮ ಮತ್ತು ಅಭ್ಯರ್ಥಿಯ ಸಂಬಂಧ? "ನಾನು ಮೇಲಧಿಕಾರಿ." ನಾಯಕತ್ವದ ಅನುಭವ? "ಪ್ರಸಾದ ವಿತರಣಾ ಉಪಸಮಿತಿ, ಕೋಸಂಬರಿ ವಿಭಾಗ." ನೀವು ಹೇಳಿದ ಅತಿ ಮುಖ್ಯವಾದ ಮಾತು, ಸಂದರ್ಭ? "ಅಡುಗೆಮನೆ ನಲ್ಲಿ ಸೋರುತ್ತಿದೆ, ಪ್ಲಂಬರನ್ನು ಕರೆಸಿ ಎಂದು ದೀಪಾವಳಿಯ ಹಿಂದಿನ ದಿನ ಹೇಳಿದ್ದೆ." ಅಭ್ಯರ್ಥಿ ಅದನ್ನು ಹೇಗೆ ತೆಗೆದುಕೊಂಡರು? "ಪರಿಶೀಲಿಸಿದರು. ಸೋರುತ್ತಿರುವುದು ನಿಜ ಎಂದು ನನಗೇ ವರದಿ ಮಂಡಿಸಿದರು."

ಓದಿದೆ. ಆಕ್ಷೇಪಣೆ ಎತ್ತಲು ಎಲ್ಲೂ ಜಾಗ ಬಿಟ್ಟಿರಲಿಲ್ಲ. ಮಾರ್ಜಿನ್ನಿನಲ್ಲಿ "ನೋಡಿದೆ, ಕಡತದಲ್ಲಿರಿಸಿ" ಎಂದು ಬರೆದು, ಚುಟುಕು ಸಹಿ ಹಾಕಿ, ತಾರೀಖು ನಮೂದಿಸಿ ವಾಪಸು ಕೊಟ್ಟೆ. ಹಾಳೆಯ ಹಿಂಬದಿಯಲ್ಲಿ ಪ್ಲಂಬರನ ಫೋನ್ ನಂಬರ್ ಬರೆದಿತ್ತಂತೆ.